ಸಮುದ್ರ ದಾಟಿದ ಹನುಮಂತ, ಮೈಕಿನ ತಂತಿ

ದ್ವಿತೀಯ ಪಿಯುಸಿ ಹುಡುಗರಿಗೆ ಲ್ಯಾಬ್ ಎಂದರೆ ಮೇಷ್ಟ್ರು ಸ್ವಲ್ಪ ದೂರದಲ್ಲಿ ನಿಂತಿರುವ ತರಗತಿ, ಅಷ್ಟೇ. ಮೀಟರ್ ಬ್ರಿಡ್ಜ್‌ನ ತಂತಿಯ ಮೇಲೆ ಕೈ ಜಾರಿಸುತ್ತಾ ಲೋಕದ ಮಾತೆಲ್ಲ ಆಡುತ್ತಾರೆ. 2022ರ ಜೂನ್‌ನಲ್ಲಿ ಆ ಲೋಕದಲ್ಲಿದ್ದದ್ದು ಒಂದೇ ವಿಷಯ. ಏಪ್ರಿಲ್ 14ರಂದು ತೆರೆಕಂಡ 'ಕೆ.ಜಿ.ಎಫ್.' ಎರಡನೆಯ ಭಾಗವನ್ನು ಅವರಲ್ಲಿ ಹೆಚ್ಚಿನವರು ಎರಡು ಮೂರು ಸಲ ನೋಡಿ ಮುಗಿಸಿದ್ದರು. ಅದರಲ್ಲಿ ರಾಕಿ 'ದೊಡ್ಡಮ್ಮ' ಎಂಬ ಮಷಿನ್ ಗನ್ನಿನಿಂದ ಪೊಲೀಸ್ ಠಾಣೆಯೊಂದನ್ನು ಜರಡಿ ಮಾಡುತ್ತಾನೆ. ಗುಂಡಿನ ಸದ್ದು ನಿಂತ ಮೇಲೆ, ಕೆಂಪಗೆ ಕಾದ ನಳಿಗೆಗೆ ಸಿಗರೇಟು ತಾಗಿಸಿ ಹೊತ್ತಿಸಿಕೊಳ್ಳುತ್ತಾನೆ.

"ಸರ್, ಅದು ಆಗುತ್ತದೆಯೇ?" ಎಂದು ಒಬ್ಬ ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಪಕ್ಕದವನು ನಕ್ಕುಬಿಟ್ಟ. "ಸಿನಿಮಾದಲ್ಲಿ ಲಾಜಿಕ್ ಹುಡುಕಬಾರದು ಕಣೋ."

ಆಗುತ್ತದೆ ಎಂದೆ. ಇಬ್ಬರೂ ನನ್ನ ಮುಖ ನೋಡಿದರು. ಕಬ್ಬಿಣವಾಗಲಿ ಕಲ್ಲಾಗಲಿ, ಸುಮಾರು 525 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಂದವಾಗಿ ಕೆಂಪಗೆ ಹೊಳೆಯತೊಡಗುತ್ತದೆ. ಜಾನ್ ಡ್ರೇಪರ್ ಎಂಬಾತ 1847ರಲ್ಲೇ ಇದನ್ನು ಅಳೆದು ಹೇಳಿದ್ದಾನೆ. ಕಾಗದ ಹೊತ್ತಿಕೊಳ್ಳಲು ಅದರ ಅರ್ಧದಷ್ಟು ಬಿಸಿಯೂ ಬೇಕಿಲ್ಲ. ಮಷಿನ್ ಗನ್ನಿನಿಂದ ಬಿಡುವಿಲ್ಲದೆ ಗುಂಡು ಹಾರಿಸಿದರೆ ನಳಿಗೆ ನಿಜವಾಗಿಯೂ ಕೆಂಪಾಗುತ್ತದೆ. ಆ ಕಾರಣಕ್ಕೇ ಎಷ್ಟೋ ಗನ್ನುಗಳಲ್ಲಿ ನಳಿಗೆಯನ್ನು ಬಿಚ್ಚಿ ಬದಲಿಸುವ ವ್ಯವಸ್ಥೆ ಇರುತ್ತದೆ. ನಳಿಗೆ ಕೆಂಪಗಿದೆ ಎಂದರೆ ಸಿಗರೇಟು ಹೊತ್ತಲೇಬೇಕು.

ಹುಡುಗರ ಮುಖದಲ್ಲಿ ಸಣ್ಣ ನಿರಾಸೆ ಕಂಡಿತು. ಆಗುವುದಿಲ್ಲ ಎಂದಿದ್ದರೆ ಅವರಿಗೆ ಹೆಚ್ಚು ಖುಷಿಯಾಗುತ್ತಿತ್ತೋ ಏನೋ.

ಸುಮ್ಮನಿರಲಾರದೆ ಬೋರ್ಡಿನ ಮೇಲೆ ಇನ್ನೊಂದು ಲೆಕ್ಕ ಬರೆದೆ. ಪಿಸ್ತೂಲಿನ ಗುಂಡು 8 ಗ್ರಾಂ ತೂಕದ್ದು, ಸೆಕೆಂಡಿಗೆ 350 ಮೀಟರ್ ವೇಗದಲ್ಲಿ ಬಂದು 70 ಕಿಲೋ ತೂಗುವ ಮನುಷ್ಯನ ಎದೆಯೊಳಗೆ ನಿಲ್ಲುತ್ತದೆ ಎಂದುಕೊಳ್ಳಿ. ಅವನು ಯಾವ ವೇಗದಲ್ಲಿ ಹಿಂದಕ್ಕೆ ಹೋಗುತ್ತಾನೆ? ಸೆಕೆಂಡಿಗೆ 4 ಸೆಂಟಿಮೀಟರ್. ಗುಂಡು ತಿಂದವನು ಹತ್ತಡಿ ಹಾರಿ ಹಿಂದಿನ ಗಾಜಿನ ಬಾಗಿಲು ಒಡೆಯಬೇಕಾದರೆ, ಗುಂಡು ಹಾರಿಸಿದವನೂ ತನ್ನ ಹಿಂದಿನ ಬಾಗಿಲು ಒಡೆಯಲೇಬೇಕು. ನ್ಯೂಟನ್ನನ ಮೂರನೆಯ ನಿಯಮ ನಾಯಕನಿಗೆ ವಿನಾಯಿತಿ ಕೊಡುವುದಿಲ್ಲ. ಇದನ್ನು ಯಾರೂ ಕೇಳಿರಲಿಲ್ಲ. ನೂರಾರು ಸಿನಿಮಾಗಳಲ್ಲಿ ಜನ ಹಾಗೆ ಹಾರಿ ಬೀಳುವುದನ್ನು ನೋಡಿಯೂ ಆ ಹುಡುಗರಿಗೆ ಒಂದು ಸಲವೂ ಅನುಮಾನ ಬಂದಿರಲಿಲ್ಲ. ಆಗುವುದನ್ನು ಸುಳ್ಳೆಂದು ನಕ್ಕಿದ್ದರು, ಆಗದ್ದನ್ನು ಪ್ರಶ್ನೆಯಿಲ್ಲದೆ ನುಂಗಿದ್ದರು.

ಈ ವಿಷಯದಲ್ಲಿ ನಾನೇನೂ ಸಾಚಾ ಅಲ್ಲ. ಹೊಡೆದಾಟದ ಸಿನಿಮಾದಲ್ಲಿ ನಾಯಕ ಎರಡು ಕಟ್ಟಡಗಳ ನಡುವೆ ಜೀಪು ಹಾರಿಸಿದರೆ ನಾನೂ ಪಾಪ್‌ಕಾರ್ನ್ ತಿನ್ನುತ್ತಾ ನೋಡುತ್ತೇನೆ. ವಿಜ್ಞಾನ ಕಥೆಯ ಸಿನಿಮಾದಲ್ಲಿ ಒಂದು ಹಗ್ಗ ತಪ್ಪಾಗಿ ಬಿಗಿದರೂ ರಾತ್ರಿ ನಿದ್ದೆ ಬರುವುದಿಲ್ಲ. ಹಗ್ಗ ಎಂದದ್ದು ಮಾತಿಗಲ್ಲ.

2013ರಲ್ಲಿ 'ಗ್ರಾವಿಟಿ' ಬಂದಾಗ ಭಾವನವರನ್ನು ಕರೆದುಕೊಂಡು ಹೋಗಿದ್ದೆ. ಅವರು ಪೊಲೀಸ್ ಇಲಾಖೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು ಆಗಷ್ಟೇ ನಿವೃತ್ತರಾಗಿದ್ದರು. ಸ್ಫೋಟಗೊಂಡ ಉಪಗ್ರಹದ ಚೂರುಗಳು ಹಬಲ್ ದೂರದರ್ಶಕಕ್ಕೂ ಅದನ್ನು ರಿಪೇರಿ ಮಾಡುತ್ತಿದ್ದವರಿಗೂ ಬಡಿಯುತ್ತವೆ. ಉಳಿದ ಇಬ್ಬರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಕಡೆಗೆ ತೇಲಿಕೊಂಡು ಹೋಗುತ್ತಾರೆ. ಇದೇ ದೊಡ್ಡ ಸುಳ್ಳು. ಹಬಲ್ ಇರುವುದು ಭೂಮಧ್ಯರೇಖೆಗೆ 28.5 ಡಿಗ್ರಿ ಓರೆಯಾದ ಕಕ್ಷೆಯಲ್ಲಿ, ನಿಲ್ದಾಣ ಇರುವುದು 51.6 ಡಿಗ್ರಿ ಓರೆಯಾದ ಕಕ್ಷೆಯಲ್ಲಿ. ಎತ್ತರದಲ್ಲಿಯೂ ಆಗ ನೂರು ಕಿಲೋಮೀಟರಿಗಿಂತ ಹೆಚ್ಚು ವ್ಯತ್ಯಾಸವಿತ್ತು. ಒಂದರಿಂದ ಇನ್ನೊಂದಕ್ಕೆ ತಿರುಗಬೇಕಾದರೆ ವೇಗವನ್ನು ಸೆಕೆಂಡಿಗೆ ಸುಮಾರು 3 ಕಿಲೋಮೀಟರಿನಷ್ಟು ಬದಲಿಸಬೇಕು. ಬೆನ್ನಿಗೆ ಕಟ್ಟಿಕೊಂಡ ಪುಟ್ಟ ಯಂತ್ರದಿಂದ ಆಗುವ ಕೆಲಸವಲ್ಲ. ನನಗೆ ಇದು ಗೊತ್ತಿತ್ತು, ಆದರೂ ನೋಡುತ್ತಾ ಕುಳಿತೆ. ಎರಡು ಊರುಗಳ ನಡುವಿನ ದೂರವನ್ನು ಕತೆಗಾರ ಸ್ವಲ್ಪ ಕಡಿಮೆ ಮಾಡಿಕೊಂಡಿದ್ದಾನೆ, ಹೋಗಲಿ ಎಂದುಕೊಂಡೆ.

ಆಮೇಲೆ ಆ ಹಗ್ಗ ಬಂತು. ನಾಯಕಿಯ ಕಾಲು ನಿಲ್ದಾಣಕ್ಕೆ ಜೋಡಿಸಿದ್ದ ನೌಕೆಯ ಪ್ಯಾರಾಚೂಟಿನ ದಾರಗಳಿಗೆ ಸಿಕ್ಕಿಕೊಂಡಿದೆ. ಅವಳ ಕೈಯಲ್ಲಿರುವ ಹಗ್ಗದ ಇನ್ನೊಂದು ತುದಿಯಲ್ಲಿ ಸಂಗಾತಿ ಇದ್ದಾನೆ. ಇಬ್ಬರೂ ನಿಂತಿದ್ದಾರೆ. ನಿಂತ ಮೇಲೂ ಅವನು ಹೊರಕ್ಕೆ ಎಳೆಯುತ್ತಲೇ ಇದ್ದಾನೆ, ಬಾವಿಯಲ್ಲಿ ಇಳಿಬಿಟ್ಟವನ ಹಾಗೆ. ಅವಳನ್ನು ಉಳಿಸಲು ಕೊಂಡಿ ಕಳಚಿಕೊಂಡು ಕತ್ತಲಿಗೆ ಜಾರಿಹೋಗುತ್ತಾನೆ. ಥಿಯೇಟರಿನಲ್ಲಿ ಮೂಗು ಸೀಟುವ ಸದ್ದು. ನನಗೆ ಮಾತ್ರ ಮೈಯೆಲ್ಲ ಉರಿ. ಅವನನ್ನು ಎಳೆಯುತ್ತಿರುವುದು ಏನು? ಕೆಳಗೆ ಎನ್ನುವುದೇ ಇಲ್ಲದ ಜಾಗ ಅದು. ಚಲನೆ ನಿಂತ ಮೇಲೆ ಹಗ್ಗವನ್ನು ಎರಡು ಬೆರಳಲ್ಲಿ ಮೆಲ್ಲಗೆ ಜಗ್ಗಿದರೂ ಸಾಕು, ಅವನು ತೇಲಿಕೊಂಡು ಅವಳ ಬಳಿಗೆ ಬರುತ್ತಾನೆ. ದಾರಗಳು ಇನ್ನೂ ಬಿಗಿಯಾಗುತ್ತಲೇ ಇದ್ದವು, ಎಲ್ಲವೂ ಸುತ್ತುತ್ತಿತ್ತು ಎಂದು ಸಿನಿಮಾದ ಪರವಾಗಿ ವಾದಿಸುವವರಿದ್ದಾರೆ. ತೆರೆಯ ಮೇಲೆ ನನಗೆ ಅದು ಕಾಣಲಿಲ್ಲ. ಕಂಡದ್ದು ಬಾವಿ.

ಹೊರಗೆ ಬಂದು ಕಾಫಿ ಕುಡಿಯುವಾಗ ಇದನ್ನೆಲ್ಲ ಹೇಳಿದೆ. ಭಾವ ತಾಳ್ಮೆಯಿಂದ ಕೇಳಿದರು. "ಮೇಷ್ಟ್ರೇ, ನನಗೆ ಸಿನಿಮಾ ಚೆನ್ನಾಗಿತ್ತು. ನಿನಗೆ ಹಗ್ಗ, ನನಗೆ ಮಹಜರು," ಎಂದರು.

ಅವರ ಕಾಯಿಲೆ ನನಗೆ ಗೊತ್ತಿದ್ದದ್ದೇ. ಪೊಲೀಸ್ ಸಿನಿಮಾ ಅವರಿಂದ ನೋಡಲಾಗುವುದಿಲ್ಲ. ನಾಯಕ ಒಬ್ಬನೇ ನಲವತ್ತು ಮಂದಿಗೆ ಹೊಡೆದರೆ ಅವರಿಗೆ ತಕರಾರಿಲ್ಲ. ಆದರೆ ಟ್ರಿಗರ್ ಮೇಲೆ ಬೆರಳಿಟ್ಟುಕೊಂಡೇ ಮೆಟ್ಟಿಲು ಓಡಿ ಹತ್ತುವ ಇನ್‌ಸ್ಪೆಕ್ಟರನನ್ನು ಕಂಡರೆ ಎದ್ದು ಹೋಗುತ್ತಾರೆ. ಹಾರಿದ ಒಂದೊಂದು ಗುಂಡಿಗೂ ಲೆಕ್ಕ ಕೊಡಬೇಕು, ಖಾಲಿ ತೋಟಾಗಳನ್ನು ಹೆಕ್ಕಬೇಕು, ಸ್ಥಳದಲ್ಲಿ ಮಹಜರು ಬರೆಯಬೇಕು, ಪಂಚರನ್ನು ಹುಡುಕಬೇಕು. "ಇಷ್ಟು ಜನರನ್ನು ಕೊಂದನಲ್ಲ, ಇದನ್ನೆಲ್ಲ ಬರೆಯುವ ಪಾಪದ ಕಾನ್‌ಸ್ಟೆಬಲ್ ಯಾರು?" ಎಂದು ಮನೆಯ ಟಿವಿಯ ಮುಂದೆ ಕೇಳುತ್ತಾರೆ. ಅಕ್ಕ ಚಾನೆಲ್ ಬದಲಿಸುತ್ತಾಳೆ.

ಯಾರಿಗೆ ಏನು ಗೊತ್ತೋ ಅಲ್ಲಿ ಅವರ ಅಪನಂಬಿಕೆ ಎಚ್ಚರವಾಗುತ್ತದೆ ಎಂದು ಇದನ್ನು ಮುಗಿಸಿಬಿಡಬಹುದಿತ್ತು. ಬಹಳ ದಿನ ಹಾಗೆಯೇ ಮುಗಿಸಿಕೊಂಡಿದ್ದೆ. ಆದರೆ ಅದು ಪೂರ್ತಿ ಉತ್ತರವಲ್ಲ. ಕಕ್ಷೆಯ ಸುಳ್ಳೂ ನನಗೆ ಗೊತ್ತಿತ್ತು, ಹಗ್ಗದ ಸುಳ್ಳೂ ಗೊತ್ತಿತ್ತು. ಲೆಕ್ಕದಲ್ಲಿ ಕಕ್ಷೆಯದೇ ದೊಡ್ಡ ತಪ್ಪು. ಮತ್ತೇಕೆ ಹಗ್ಗ ಮಾತ್ರ ಚುಚ್ಚಿತು?

ಉತ್ತರದ ಒಂದು ತುದಿ ನನ್ನ ಊರಿನಲ್ಲಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಗೆ ವರ್ಷಕ್ಕೊಮ್ಮೆ ಯಕ್ಷಗಾನದ ಮೇಳ ಬರುತ್ತಿತ್ತು. ಒಮ್ಮೆ ಹನುಮಂತ ಲಂಕೆಗೆ ಹಾರುವ ಪ್ರಸಂಗ. ಭಾಗವತರ ಪದ ಏರಿತು, ಚೆಂಡೆ ಏರಿತು. ಹನುಮಂತ ರಥದ ಮೇಲೆ ಹತ್ತಿ ನಿಂತ. ನಮ್ಮಲ್ಲಿ ರಥ ಎಂದರೆ ರಂಗದ ಮೇಲಿನ ಒಂದು ಮರದ ಪೀಠ, ಅದೇ ಸಿಂಹಾಸನ, ಅದೇ ಬೆಟ್ಟ. ಅಲ್ಲಿಂದ ಧುಮುಕಿ ಎರಡು ಸುತ್ತು ಕುಣಿದ. ನೂರು ಯೋಜನ ಮುಗಿಯಿತು. ಗದ್ದೆಯಲ್ಲಿ ಚಾಪೆ ಹಾಸಿಕೊಂಡು ಕುಳಿತಿದ್ದ ಒಬ್ಬರಿಗೂ ಸಂಶಯವಿರಲಿಲ್ಲ, ನಾವೆಲ್ಲರೂ ಕಡಲನ್ನು ಕಂಡಿದ್ದೆವು. ಆಮೇಲೆ ಅಶೋಕವನಕ್ಕೆ ಕಾಲಿಡುವಾಗ ಮೈಕಿನ ತಂತಿ ಅವನ ಗೆಜ್ಜೆಗೆ ಸಿಕ್ಕಿ, "ಅಯ್ಯಯ್ಯೋ" ಎಂದು ಮುಗ್ಗರಿಸಿದ. ಇಡೀ ಗದ್ದೆ ನಕ್ಕಿತು. ಅಜ್ಜ ಕವಳ ಉಗಿದು ಬಂದು ಹೇಳಿದರು: "ಸಮುದ್ರ ದಾಟಿದವನು ತಂತಿಗೆ ಎಡವಿದ." ಆ ರಾತ್ರಿ ಸೀತೆಯ ಮುಂದೆ ಅವನು ಆಡಿದ ಮಾತು ಯಾವುದೂ ನಮಗೆ ನಾಟಲಿಲ್ಲ.

ಇನ್ನೊಂದು ತುದಿ ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕಿತು. ಕನ್ನಡ ವಿಭಾಗದ ಸಹೋದ್ಯೋಗಿಯೊಬ್ಬರು ನನ್ನ ಹಗ್ಗದ ಗೋಳನ್ನು ಮೂರನೆಯ ಸಲ ಕೇಳಿಸಿಕೊಂಡ ಮೇಲೆ ತೀನಂಶ್ರೀಯವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಕೈಗಿಟ್ಟು, ಔಚಿತ್ಯದ ಬಗ್ಗೆ ಓದಿಕೊಳ್ಳಿ ಎಂದರು. ಬಹುಶಃ ಬಾಯಿ ಮುಚ್ಚಿಸಲು. ಅಲ್ಲಿಂದ ಆನಂದವರ್ಧನನಲ್ಲಿಗೆ ಹೋದೆ. ಒಂಬತ್ತನೆಯ ಶತಮಾನದ ಕಾಶ್ಮೀರದ ಈ ಮನುಷ್ಯ, ರಸಭಂಗಕ್ಕೆ ಅನೌಚಿತ್ಯವೊಂದನ್ನು ಬಿಟ್ಟು ಬೇರೆ ಕಾರಣವೇ ಇಲ್ಲ ಎನ್ನುತ್ತಾನೆ. ಇದು ಎಲ್ಲರೂ ಉದ್ಧರಿಸುವ ಮಾತು. ಅದಕ್ಕೆ ಸ್ವಲ್ಪ ಮೊದಲು ಅವನು ಕೊಡುವ ಉದಾಹರಣೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿತು. ಬರೀ ಮನುಷ್ಯನಾದ ಒಬ್ಬ ರಾಜನನ್ನು ವರ್ಣಿಸುವಾಗ, ಅವನು ಏಳು ಕಡಲು ಹಾರಿದ ಎಂದು ಬರೆದರೆ ಅದು ಎಷ್ಟೇ ಸೊಗಸಾಗಿದ್ದರೂ ನೀರಸವಾಗಿಯೇ ಇರುತ್ತದೆ ಎನ್ನುತ್ತಾನೆ. ಕಡಲು ಹಾರುವುದನ್ನು ಅವನು ಬೇಡವೆನ್ನುತ್ತಿಲ್ಲ. ಯಾರು ಹಾರುತ್ತಿದ್ದಾರೆ ಎಂದು ಕೇಳುತ್ತಿದ್ದಾನೆ. ಹನುಮಂತ ಹಾರಲಿ. ರಾಜ ಹಾರಬೇಕಾದರೆ ಮೊದಲು ಅವನು ಯಾವ ಜಾತಿಯ ಕತೆಯಲ್ಲಿ ಇದ್ದಾನೆ ಎಂದು ಹೇಳು.

ಹೊಡೆದಾಟದ ಸಿನಿಮಾದ ನಾಯಕ ಮೊದಲ ಹತ್ತು ನಿಮಿಷದಲ್ಲೇ ಹೇಳಿಬಿಡುತ್ತಾನೆ. ದೂಳು ಏಳುತ್ತದೆ, ಬೂಟು ಕಾಣುತ್ತದೆ, ಬೆನ್ನು ಕಾಣುತ್ತದೆ, ಮುಖ ಮಾತ್ರ ತಡ. ಇದು ಯಕ್ಷಗಾನದ ತೆರೆ ಒಡ್ಡೋಲಗವೇ ಅಲ್ಲವೇ? ತೆರೆಯ ಹಿಂದಿನಿಂದ ಮೊದಲು ಕಿರೀಟದ ತುದಿ, ಆಮೇಲೆ ಕೈ, ಕೊನೆಗೆ ಮೋರೆ. ಇವನು ಬರೀ ಮನುಷ್ಯನಲ್ಲ, ಕಡಲು ಹಾರುವ ಜಾತಿಯವನು ಎಂದು ಅಲ್ಲೇ ಒಪ್ಪಂದವಾಯಿತು. ಆಮೇಲೆ ನ್ಯೂಟನ್ ರಂಗದ ಮೇಲಿನ ರಥದ ಹಾಗೆ. ಕೂರಬೇಕಾದರೆ ಸಿಂಹಾಸನ, ಹಾರಬೇಕಾದರೆ ಬೆಟ್ಟ.

ವಿಜ್ಞಾನ ಕಥೆಯಲ್ಲಿ ನ್ಯೂಟನ್ ರಥವಲ್ಲ, ಪಾತ್ರಧಾರಿ. ಇನ್ನೂ ಸರಿಯಾಗಿ ಹೇಳಬೇಕಾದರೆ ಅಲ್ಲಿ ಪ್ರತಿನಾಯಕನೇ ಅವನು. ಆಮ್ಲಜನಕ ಮುಗಿಯುತ್ತಿದೆ, ವೇಗ ಸಾಲದು, ದೂರ ಹೆಚ್ಚು. ಅಲ್ಲಿ ಬೇರೆ ಖಳನಿಲ್ಲ, ಇದ್ದರೂ ಲೆಕ್ಕಕ್ಕಿಲ್ಲ. ಕರುಣೆಯಿಲ್ಲದ ನಿಯಮದ ಎದುರು ಒಬ್ಬ ಮನುಷ್ಯ ನಿಂತಿರುವುದೇ ಅದರ ಹೊಡೆದಾಟ. ಆದ್ದರಿಂದಲೇ ಹಗ್ಗ ನನ್ನನ್ನು ಚುಚ್ಚಿತು. ಅದು ಕತೆಯ ಕೊಲೆಗಾರ. ಕೊಲ್ಲುವ ಶಕ್ತಿಯೇ ಇಲ್ಲದ ಹಗ್ಗ ಕೊಂದಿತು ಎಂದರೆ, ಮೂರು ಗಂಟೆ ಕಾಯಿಸಿದ ಖಳನಾಯಕ ಕೊನೆಯಲ್ಲಿ ಬಾಳೆಹಣ್ಣಿನ ಸಿಪ್ಪೆಗೆ ಜಾರಿ ಸತ್ತ ಹಾಗೆ. ಕಕ್ಷೆಯ ಸುಳ್ಳು ಯಾರನ್ನೂ ಕೊಲ್ಲಲಿಲ್ಲ, ಎರಡು ಊರನ್ನು ಹತ್ತಿರ ತಂದಿತು ಅಷ್ಟೇ.

ಈ ಅಳತೆಗೋಲು ಹಿಡಿದು ನೋಡಿದರೆ ನನ್ನ ಹಳೆಯ ಕ್ಷಮೆಗಳಿಗೂ ಅರ್ಥ ಸಿಗುತ್ತದೆ. 'ದಿ ಮಾರ್ಷಿಯನ್' ಶುರುವಾಗುವುದೇ ಒಂದು ಬಿರುಗಾಳಿಯಿಂದ. ಮಂಗಳದ ಗಾಳಿಯ ಒತ್ತಡ ನಮ್ಮ ಭೂಮಿಯದರ ನೂರರಲ್ಲಿ ಒಂದು ಪಾಲೂ ಇಲ್ಲ. ಅಲ್ಲಿ ಗಂಟೆಗೆ ನೂರೈವತ್ತು ಕಿಲೋಮೀಟರ್ ವೇಗದ ಬಿರುಗಾಳಿ ಬೀಸಿದರೂ ಮೈಗೆ ತಾಗುವುದು ತಂಗಾಳಿಯಷ್ಟು. ರಾಕೆಟ್ಟನ್ನು ಉರುಳಿಸುವ ಮಾತು ದೂರ. ಮೂಲ ಕಾದಂಬರಿ ಬರೆದ ಆ್ಯಂಡಿ ವೀರ್ ಇದು ತನಗೆ ಗೊತ್ತಿತ್ತು, ಗೊತ್ತಿದ್ದೇ ಬರೆದೆ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಆದರೂ ನನಗೆ ಸಿಟ್ಟು ಬರಲಿಲ್ಲ. ಕತೆಯ ಬಾಗಿಲು ತೆರೆಯಲು ಒಂದು ಸುಳ್ಳು ಎಲ್ಲರಿಗೂ ಉಚಿತ. ರಾಮಾಯಣಕ್ಕೂ ಒಂದು ಚಿನ್ನದ ಜಿಂಕೆ ಬೇಕಾಯಿತು. ಅಂಥ ಜಿಂಕೆ ಲೋಕದಲ್ಲಿ ಇರುವುದಿಲ್ಲ, ಇದು ಮಾರೀಚನ ಮಾಯೆ ಎಂದು ಲಕ್ಷ್ಮಣ ಕತೆಯೊಳಗೇ ಎದ್ದು ನಿಂತು ಹೇಳುತ್ತಾನೆ. ನನ್ನಂಥ ಪ್ರೇಕ್ಷಕರಿಗೆ ಅವನೇ ಮೂಲಪುರುಷ ಇರಬೇಕು. ಬಾಗಿಲು ದಾಟಿದ ಮೇಲೆ ಮಂಗಳದಲ್ಲಿ ಉಳಿದುಹೋದವನು ರಾಕೆಟ್ಟಿನ ಇಂಧನದಿಂದ ನೀರು ಮಾಡಿಕೊಳ್ಳುತ್ತಾನೆ, ಆಲೂಗೆಡ್ಡೆ ಬೆಳೆಯುತ್ತಾನೆ, ದಿನಕ್ಕೆಷ್ಟು ಕ್ಯಾಲೊರಿ ಎಂದು ಲೆಕ್ಕ ಹಾಕುತ್ತಾನೆ. ಅಲ್ಲಿ ನಿಯಮ ಸುಳ್ಳು ಹೇಳುವುದಿಲ್ಲ. ಹೇಳಿದ್ದರೆ ಆ ಆಲೂಗೆಡ್ಡೆಯ ರುಚಿ ನಮಗೆ ಗೊತ್ತಾಗುತ್ತಿರಲಿಲ್ಲ.

ನಿಜವಾಗಿ ತಲೆ ಕೆಡಿಸಿದ್ದು 'ಇಂಟರ್‌ಸ್ಟೆಲ್ಲಾರ್'. 2014ರ ಆ ಸಿನಿಮಾಕ್ಕೆ ವಿಜ್ಞಾನದ ಸಲಹೆಗಾರರಾಗಿದ್ದವರು ಕಿಪ್ ಥೋರ್ನ್, ಮೂರು ವರ್ಷದ ನಂತರ ನೊಬೆಲ್ ಪಡೆದವರು. ಅದರಲ್ಲಿ ಕಪ್ಪುಕುಳಿಯ, ಅಂದರೆ ಬ್ಲ್ಯಾಕ್ ಹೋಲ್‌ನ, ಪಕ್ಕದ ಗ್ರಹವೊಂದಿದೆ. ಅಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ. ಈ ಏಳು ವರ್ಷ ಬೇಕೇ ಬೇಕು ಎಂದು ನಿರ್ದೇಶಕ ನೋಲನ್ ಹಠ ಹಿಡಿದರು. ಆಗುವುದಿಲ್ಲ ಎಂದುಕೊಂಡ ಥೋರ್ನ್ ಮನೆಗೆ ಹೋಗಿ ಲೆಕ್ಕ ಹಾಕಿ ನೋಡಿದರು. ಕಪ್ಪುಕುಳಿ ತಿರುಗಬಹುದಾದ ಪರಮಾವಧಿ ವೇಗಕ್ಕಿಂತ ನೂರು ಲಕ್ಷ ಕೋಟಿಯಲ್ಲಿ ಒಂದು ಪಾಲು ಮಾತ್ರ ಕಡಿಮೆ ವೇಗದಲ್ಲಿ ತಿರುಗಿದರೆ ಆಗುತ್ತದೆ. ನಂಬಲು ಕಷ್ಟ, ಆದರೆ ನಿಯಮ ಮುರಿಯಲಿಲ್ಲ. ನನಗೆ ಆ ಹಠವೂ ಇಷ್ಟ, ಆ ಲೆಕ್ಕವೂ ಇಷ್ಟ. ಗ್ರಹದಿಂದ ಹಿಂತಿರುಗಿದ ತಂದೆ, ತನ್ನ ಮಕ್ಕಳು ಕಳಿಸಿದ ಇಪ್ಪತ್ಮೂರು ವರ್ಷಗಳ ಸಂದೇಶಗಳನ್ನು ಒಂದೇ ಸಲಕ್ಕೆ ನೋಡುವಾಗ ಅಳು ಬರುವುದು ಆ ಲೆಕ್ಕದ ಬಲದಿಂದ. ಅಲ್ಲಿ ಕಾಲವೇ ಹಗ್ಗ, ಆ ಹಗ್ಗ ನಿಜವಾಗಿಯೂ ಬಿಗಿದಿತ್ತು.

ಕಪ್ಪುಕುಳಿಯನ್ನು ತೆರೆಯ ಮೇಲೆ ತೋರಿಸುವ ವಿಷಯಕ್ಕೆ ಬಂದಾಗ ಮಾತ್ರ ಬೇರೆಯೇ ಆಯಿತು. ಕಪ್ಪುಕುಳಿಯ ಸುತ್ತ ಬೆಳಕು ಹೇಗೆ ಬಾಗುತ್ತದೆ ಎಂಬುದಕ್ಕೆ ಥೋರ್ನ್ ಸಮೀಕರಣ ಬರೆದುಕೊಟ್ಟರು. ಲಂಡನ್ನಿನ ಗ್ರಾಫಿಕ್ಸ್ ತಂಡ ಅದನ್ನು ಚಿತ್ರವಾಗಿಸಿತು. ಅಷ್ಟು ವೇಗದ ಕಪ್ಪುಕುಳಿಯ ನೆರಳು ಒಂದು ಕಡೆ ಚಪ್ಪಟೆಯಾಗಿ ಕಾಣುತ್ತದೆ. ಸುತ್ತಲಿನ ಉರಿಯುವ ತಟ್ಟೆಯ ಒಂದು ಬದಿ ನಮ್ಮ ಕಡೆಗೆ ಧಾವಿಸುವುದರಿಂದ ತುಂಬ ಪ್ರಕಾಶಮಾನ, ಇನ್ನೊಂದು ಬದಿ ಬಹುಪಾಲು ಕತ್ತಲು. ನೋಡುವವರಿಗೆ ಗೊಂದಲವಾದೀತೆಂದು ಸಿನಿಮಾದವರು ಎರಡನ್ನೂ ಕೈಬಿಟ್ಟರು. ಗಡಿಯಾರಕ್ಕಾಗಿ ಪರಮಾವಧಿ ವೇಗದ ಕಪ್ಪುಕುಳಿ, ಕ್ಯಾಮೆರಾಕ್ಕಾಗಿ ಅದರ ಶೇಕಡಾ 60ರಷ್ಟು ತಿರುಗುವ ಇನ್ನೊಂದು. ಇದನ್ನು ಆ ತಂಡವೇ 2015ರಲ್ಲಿ ಸಂಶೋಧನಾ ಪ್ರಬಂಧದಲ್ಲಿ ಬರೆದು ಪ್ರಕಟಿಸಿತು. 2019ರ ಏಪ್ರಿಲ್‌ನಲ್ಲಿ ನಿಜವಾದ ಕಪ್ಪುಕುಳಿಯ ಮೊದಲ ಚಿತ್ರ ಬಂದಾಗ ಅದರ ಉಂಗುರದ ಒಂದು ಬದಿ ಹೆಚ್ಚು ಬೆಳಗುತ್ತಿತ್ತು. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಅದನ್ನು ಮೊಬೈಲಿನಲ್ಲಿ ನೋಡಿ ಹೇಳಿದ್ದು: "ಸಿನಿಮಾದ್ದೇ ಹೆಚ್ಚು ನಿಜವಾಗಿ ಕಾಣುತ್ತದೆ."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಿಜ ಬೇರೆ, ನಿಜದ ಹಾಗೆ ಇರುವುದು ಬೇರೆ. ಹೊಡೆತದ ಸದ್ದನ್ನೇ ತೆಗೆದುಕೊಳ್ಳಿ. ನಿಜವಾದ ಗುದ್ದಿಗೆ ಸದ್ದೇ ಇಲ್ಲ, ಹತ್ತಿಯ ಮೂಟೆಗೆ ತಟ್ಟಿದ ಹಾಗೆ ಒಂದು ಮಂಕು ಶಬ್ದ. ಭಾವ ಎಷ್ಟೋ ಸಲ ಹೇಳಿದ್ದಾರೆ. ಆದರೂ 'ಢಿಶುಂ' ಇಲ್ಲದ ಗುದ್ದನ್ನು ನಮ್ಮ ತಲೆಮಾರು ಗುದ್ದೆಂದು ಒಪ್ಪಲಾರದು. ಬಾಹ್ಯಾಕಾಶ ಇನ್ನೂ ಕಷ್ಟ, ಅಲ್ಲಿ ಸದ್ದೇ ಇಲ್ಲ. 2019ರ ಸೆಪ್ಟೆಂಬರ್ 7ರ ನಡುರಾತ್ರಿ ಚಂದ್ರಯಾನ-2ರ ವಿಕ್ರಮ್ ಇಳಿಯುವುದನ್ನು ನಾವೆಲ್ಲ ಎಚ್ಚರವಿದ್ದು ನೋಡಿದೆವು. ನೋಡಿದ್ದೇನು? ಬೆಂಗಳೂರಿನ ನಿಯಂತ್ರಣ ಕೇಂದ್ರದ ಪರದೆಯ ಮೇಲೆ ಒಂದು ಗೆರೆ, ಗೆರೆಯ ಮೇಲೆ ಜಾರುವ ಒಂದು ಚುಕ್ಕೆ. ಚುಕ್ಕೆ ಗೆರೆ ಬಿಟ್ಟು ಸ್ವಲ್ಪ ಪಕ್ಕಕ್ಕೆ ಸರಿಯಿತು. ಚಂದ್ರನಿಂದ 2.1 ಕಿಲೋಮೀಟರ್ ಎತ್ತರಕ್ಕೆ ಇಳಿದ ಮೇಲೆ ಸಂಪರ್ಕ ಹೋಯಿತು. ಕೆಂಪು ದೀಪವಿಲ್ಲ, ಸೈರನ್ ಇಲ್ಲ. ಹತ್ತು ಸಾವಿರ ಗುಂಡು ಹಾರಿಸುವ ಯಾವ ಸಿನಿಮಾದಲ್ಲೂ ನನ್ನ ಹೊಟ್ಟೆ ಹಾಗೆ ಕಿವುಚಿದ್ದಿಲ್ಲ. ಆ ಚುಕ್ಕೆಗೆ ಹಿನ್ನೆಲೆ ಸಂಗೀತ ಹಾಕಿ ತೋರಿಸುವವರು ಮುಂದೆಂದಾದರೂ ಬಂದೇ ಬರುತ್ತಾರೆ. ನಾನು ನೋಡಲು ಹೋಗುವುದಿಲ್ಲ.

ಹಾಗಾದರೆ ಹೊಡೆದಾಟದ ಸಿನಿಮಾಕ್ಕೆ ಯಾವ ಸತ್ಯದ ಹಂಗೂ ಇಲ್ಲವೇ? ಇದೆ. ಅದು ಮೈಯ ಸತ್ಯ. 1988ರ 'ಡೈ ಹಾರ್ಡ್'ನಲ್ಲಿ ನಾಯಕ ಬರಿಗಾಲಲ್ಲಿ ಒಡೆದ ಗಾಜಿನ ಮೇಲೆ ಓಡಿ, ಆಮೇಲೆ ಕುಳಿತು ರಕ್ತಸಿಕ್ತ ಪಾದದಿಂದ ಚೂರು ಕೀಳುತ್ತಾನೆ. ಅಲ್ಲಿಂದ ಮುಂದೆ ಅವನು ಏನು ಮಾಡಿದರೂ ನಂಬುತ್ತೇವೆ, ನೋವು ನಮಗೆ ಗೊತ್ತಿರುವ ನೋವು. ಟಾಮ್ ಕ್ರೂಸ್ 2017ರಲ್ಲಿ ಲಂಡನ್ನಿನ ಮಾಳಿಗೆಯಿಂದ ಮಾಳಿಗೆಗೆ ಹಾರುವಾಗ ಕಣಕಾಲು ಮುರಿದುಕೊಂಡ. ಮುರಿದ ಆ ಹಾರಾಟವನ್ನೇ ಸಿನಿಮಾದಲ್ಲಿ ಇಟ್ಟರು. ಕುಂಟುತ್ತಾ ಕ್ಯಾಮೆರಾ ದಾಟುವ ಆ ಎರಡು ಹೆಜ್ಜೆ ನಟನೆಯಲ್ಲ. ನೋಡುವಾಗ ಅದು ಗೊತ್ತಾಗುತ್ತದೆ.

ಇಲ್ಲಿ ನನ್ನ ಲೆಕ್ಕ ತಡವರಿಸುತ್ತದೆ. 2016ರ ನವೆಂಬರ್ 7ರಂದು ಬೆಂಗಳೂರಿನ ಹತ್ತಿರದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕನ್ನಡ ಸಿನಿಮಾವೊಂದರ ಚಿತ್ರೀಕರಣಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಇಬ್ಬರು ನಟರು ಮುಳುಗಿ ತೀರಿಕೊಂಡರು. ಟಿವಿಯಲ್ಲಿ ಆ ದೃಶ್ಯ ದಿನವಿಡೀ ಓಡಿತು. ಮೊದಲ ಬಾರಿ ನೋಡಿದಾಗ ನನಗೆ ಅದು ಸಿನಿಮಾದ ಹಾಗೆ ಕಾಣಲಿಲ್ಲ, ತೀರಾ ಸಾಧಾರಣವಾಗಿ ಕಂಡಿತು. ಎರಡು ಸಣ್ಣ ಆಕೃತಿಗಳು, ಎರಡು ಸಣ್ಣ ಬಿಳಿ ಚಿಮ್ಮು, ಆಮೇಲೆ ನೀರು. ಡೂಪ್ ಇಲ್ಲದೆ, ಗ್ರಾಫಿಕ್ಸ್ ಇಲ್ಲದೆ ಎಂದು ಪೋಸ್ಟರಿನಲ್ಲಿ ಹಾಕಿದರೆ ಶಿಳ್ಳೆ ಹೊಡೆಯುವವರಲ್ಲಿ ನಾನೂ ಒಬ್ಬನಾಗಿದ್ದೆ. ಮೈಯ ಸತ್ಯ ಬೇಕು ಎಂದು ಮೇಲೆ ಬರೆದ ವಾಕ್ಯವನ್ನು ಎರಡು ಸಲ ಅಳಿಸಿ ಮತ್ತೆ ಬರೆದಿದ್ದೇನೆ. ಗ್ರಾಫಿಕ್ಸ್ ಎದ್ದು ಕಂಡರೂ ಅಡ್ಡಿಯಿಲ್ಲ, ಈಗ ನನಗೆ ಸುಳ್ಳು ನೀರೇ ಸಾಕು.

ಕಳೆದ ಡಿಸೆಂಬರಿನಲ್ಲಿ ಭಾವ ನಿಜವಾದ ಕೆಜಿಎಫ್ ನೋಡಬೇಕು ಎಂದರು. ಮಾರಿಕುಪ್ಪಂ ರೈಲು ಹತ್ತಿ ಹೊರಟೆವು. ಅವರಿಗೆ ಸಿನಿಮಾದ ಊರು ನೋಡುವ ಆಸೆ, ನನಗೆ ಬೇರೆಯೇ ಆಸೆ ಇತ್ತು. ದಾರಿಯಲ್ಲಿ ಅವರಿಗೆ ಒಂದು ಕತೆ ಹೇಳಿದೆ. 2009ರಲ್ಲಿ '2012' ಎಂಬ ಹಾಲಿವುಡ್ ಸಿನಿಮಾ ಬಂದಿತ್ತು, ಲೋಕ ಮುಳುಗುವ ಕತೆ. ಅದು ಶುರುವಾಗುವುದು ಭಾರತದ ಒಂದು ತಾಮ್ರದ ಗಣಿಯ ಆಳದಲ್ಲಿ. ಅಲ್ಲಿನ ಭಾರತೀಯ ವಿಜ್ಞಾನಿಯೊಬ್ಬ, ಸೂರ್ಯನಿಂದ ಬರುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳು ರೂಪಾಂತರ ಹೊಂದಿ ಭೂಮಿಯ ಒಡಲನ್ನು ಕಾಯಿಸುತ್ತಿವೆ ಎಂದು ಕಂಡುಹಿಡಿಯುತ್ತಾನೆ. ನ್ಯೂಟ್ರಿನೊ ಏನನ್ನೂ ಕಾಯಿಸುವುದಿಲ್ಲ. ನಾನು ಈ ವಾಕ್ಯ ಬರೆಯುವಷ್ಟರಲ್ಲಿ ಲಕ್ಷಾಂತರ ಕೋಟಿ ನ್ಯೂಟ್ರಿನೊಗಳು ನನ್ನ ಮೈಯನ್ನು ತೂರಿ ಹೋಗಿವೆ, ನನಗೆ ಕಚಗುಳಿಯೂ ಆಗಿಲ್ಲ. ಆ ಸಿನಿಮಾವನ್ನು ಅದಕ್ಕೆ ಬೈದು ಮರೆತಿದ್ದೆ.

ಆದರೆ ಗಣಿಯ ಆಳ ಸುಳ್ಳಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಹೋಮಿ ಭಾಭಾ ಅವರ ಸಲಹೆಯಂತೆ 1951ರಲ್ಲಿಯೇ ಕೋಲಾರದ ಗಣಿಗೆ ಉಪಕರಣ ಹೊತ್ತು ಇಳಿದಿದ್ದರು. ಆಕಾಶದಿಂದ ಬರುವ ಕಣಗಳನ್ನು ಅಳೆಯಲು ನೆಲದ ಅಡಿಗೆ ಹೋಗುವುದು ವಿಚಿತ್ರವಾಗಿ ಕೇಳುತ್ತದೆ. ಬಂಡೆ ಒಂದು ಜರಡಿ. ಆಳಕ್ಕೆ ಹೋದಷ್ಟೂ ಗಲಾಟೆ ಮಾಡುವ ಕಣಗಳೆಲ್ಲ ಮೇಲೆಯೇ ನಿಲ್ಲುತ್ತವೆ, ನ್ಯೂಟ್ರಿನೊ ಮಾತ್ರ ಇಳಿದು ಬರುತ್ತದೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಬ್ರಿಟನ್ನಿನ ಡರ್ಹ್ಯಾಮ್ ಮತ್ತು ಜಪಾನಿನ ಒಸಾಕಾದ ವಿಜ್ಞಾನಿಗಳ ಜತೆಗೂಡಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡಕ್ಕೂ ಸಿಕ್ಕಿತು. ಕತ್ತಲಲ್ಲಿ, ಬೇಯುವ ಬಂಡೆಗಳ ನಡುವೆ, ಒಂದು ಕೂಡ ತಾಗದೆ ಹೋಗುವ ಕೋಟಿ ಕೋಟಿ ಕಣಗಳಲ್ಲಿ ಎಂದೋ ಒಂದು ತಾಗೀತು ಎಂದು ತಿಂಗಳುಗಟ್ಟಲೆ ಕಾದು ಕುಳಿತವರು.

"ಇದನ್ನು ಯಾರಾದರೂ ಸಿನಿಮಾ ಮಾಡಿದರೆ ಯಾರೂ ನಂಬುವುದಿಲ್ಲ, ಬಿಡು," ಎಂದರು ಭಾವ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಸೈನೈಡ್ ದಿಬ್ಬಗಳ ಮೇಲೆ ಬಿಸಿಲು ಬಿದ್ದಿತ್ತು. ಭಾವ ಫೋಟೊ ತೆಗೆಸಿಕೊಂಡರು. ಕತೆಯ ಗಣಿ ಬೇರೆ, ಊರಿನ ಗಣಿ ಬೇರೆ ಎಂಬುದು ಅಲ್ಲಿ ನಿಂತರೆ ತಾನೇ ತಿಳಿಯುತ್ತದೆ. ಇಲ್ಲಿ ಇರುವುದು ಸಾಲು ಮನೆಗಳು, ಚರ್ಚುಗಳು, ತುಕ್ಕು ಹಿಡಿದ ಶಾಫ್ಟಿನ ಗೋಪುರಗಳು. ಒಂದು ಚಹದಂಗಡಿಯಲ್ಲಿ ಕುಳಿತೆವು. ಎದುರಿನ ಬೆಂಚಿನಲ್ಲಿದ್ದ ಹಿರಿಯರು ಚಾಂಪಿಯನ್ ರೀಫಿನಲ್ಲಿ ದುಡಿದವರು. ತಮಿಳಿನ ರಾಗದ ಕನ್ನಡದಲ್ಲಿ ಮಾತಾಡುತ್ತಿದ್ದರು. ಭಾವ ತಡೆಯಲಾರದೆ ಕೇಳಿದರು, "ಸಿನಿಮಾ ನೋಡಿದಿರಾ ಅಯ್ಯಾ? ಹೇಗಿತ್ತು?"

"ಚೆನ್ನಾಗಿದೆ ಸಾರ್. ಮೊಮ್ಮಕ್ಕಳ ಜತೆ ಎರಡೂ ನೋಡಿದೆ. ಹುಡುಗ ಒಳ್ಳೆ ಹೊಡೆಯುತ್ತಾನೆ."

"ಆ ಮಷಿನ್ ಗನ್ನು?"

"ಅದು ಸಿನಿಮಾ ಅಲ್ಲವೇ ಸಾರ್, ಇರಲಿ." ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಆದರೆ ಅಷ್ಟು ಜನ ಒಳಗೆ ಹೋಗುತ್ತಾರಲ್ಲ, ಒಬ್ಬರಾದರೂ ಮೇಲಿನ ಬಂಡೆಯನ್ನು ತಟ್ಟಿ ನೋಡುವುದಿಲ್ಲ."

ನಮಗೆ ಅರ್ಥವಾಗಲಿಲ್ಲ. ಮದ್ದು ಹಾರಿಸಿದ ಮೇಲೆ ಒಳಕ್ಕೆ ಹೋಗುವಾಗ ಮೊದಲು ಹೋಗುವವನ ಕೈಯಲ್ಲಿ ಉದ್ದನೆಯ ಕಬ್ಬಿಣದ ಸರಳು ಇರುತ್ತಿತ್ತಂತೆ. ತಲೆಯ ಮೇಲಿನ ಬಂಡೆಯನ್ನು ಅದರಿಂದ ತಟ್ಟುತ್ತಾ, ಕಿವಿಗೊಟ್ಟು ಹೋಗಬೇಕು. ಬಂಡೆಯೇ ಹೇಳುತ್ತದೆ. ಅವರು ಚಮಚ ಎತ್ತಿಕೊಂಡು ಗಾಜಿನ ಲೋಟದ ಅಂಚಿಗೆ ತಟ್ಟಿದರು. ಟಿಣ್ ಎಂದಿತು. "ಈ ಸದ್ದು ಬಂದರೆ ಗಟ್ಟಿ ಇದೆ, ಕೆಲಸ ಮಾಡಬಹುದು." ಆಮೇಲೆ ಸೀಳುಬಿಟ್ಟ ಬೆಂಚಿನ ಹಲಗೆಗೆ ತಟ್ಟಿದರು. ದೊಪ್. "ಹೀಗೆ ಬಂದರೆ ಬಿಟ್ಟುಕೊಂಡಿದೆ, ಓಡಬೇಕು."

ಭಾವ ತಮ್ಮ ಲೋಟ ಎತ್ತಿಕೊಂಡು ಅಂಗಡಿಯ ತಗಡಿನ ಸೂರನ್ನು ಒಮ್ಮೆ ತಲೆಯೆತ್ತಿ ನೋಡಿದರು.